ಸಂಸ್ಥೆಯ ಗೋಜಲು ಬಿಡಿಸಲು ಆರು ಪ್ರಶ್ನೆ: ಹಳ್ಳಿ ಡೇರಿಯ ಉದಾಹರಣೆಯೊಂದಿಗೆ ಕ್ಯಾಟ್‌ವೋ ಚೆಕ್‌ಲಿಸ್ಟ್

ಒಂದು ಹಳ್ಳಿಯ ಡೇರಿಗೆ ಬರುವ ಹಾಲು ತಿಂಗಳಿಂದ ತಿಂಗಳಿಗೆ ಕಡಿಮೆಯಾಗುತ್ತಿದೆ ಅಂದುಕೊಳ್ಳಿ. ಯಾಕೆ ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಹಾಲು ಹಾಕುವವರು “ಮಷೀನಿನಲ್ಲಿ ಫ್ಯಾಟು ಸರಿಯಾಗಿ ತೋರಿಸಲ್ಲ” ಅನ್ನುತ್ತಾರೆ. ಕಾರ್ಯದರ್ಶಿ “ನೀರು ಬೆರೆಸಿ ತಂದರೆ ಫ್ಯಾಟು ಎಲ್ಲಿಂದ ಬರುತ್ತೆ?” ಅನ್ನುತ್ತಾರೆ. ನಿರ್ದೇಶಕರೊಬ್ಬರಿಗೆ ಮನೆ ಬಾಗಿಲಿಗೇ ಬಂದು ಹಾಲು ಕೊಳ್ಳುವ ಖಾಸಗಿ ವ್ಯಾನಿನವರ ಮೇಲೆ ಸಿಟ್ಟು. ಹಳ್ಳಿ ಡೇರಿಗಳ ಮೇಲಿನ ಒಕ್ಕೂಟದಿಂದ ಬರುವ ವಿಸ್ತರಣಾಧಿಕಾರಿ ಮೇವು, ಖನಿಜ ಮಿಶ್ರಣ, ತಳಿ ಅಂತ ಮಾತಾಡುತ್ತಾರೆ. ಎಲ್ಲರ ಮಾತಿನಲ್ಲೂ ಒಂದಿಷ್ಟು ನಿಜ ಇದೆ. ಆದರೂ ಸಭೆ ಪ್ರತಿ ಸಲ ಜಗಳದಲ್ಲೇ ಮುಗಿಯುತ್ತದೆ.

ಈ ಡೇರಿ ಉದಾಹರಣೆಗೆಂದು ಕಟ್ಟಿಕೊಂಡದ್ದು, ಯಾವ ಊರಿನದೂ ಅಲ್ಲ. ಆದರೆ ಇಂಥ ಗೋಜಲು ಎಲ್ಲ ಕಡೆ ಇದೆ. ಶಾಲೆಯ ಆಡಳಿತ ಮಂಡಳಿ, ಅಪಾರ್ಟ್‌ಮೆಂಟ್ ಸಂಘ, ಸಾಫ್ಟ್‌ವೇರ್ ಕಂಪನಿಯ ಒಂದು ವಿಭಾಗ, ಎಲ್ಲಿ ಬೇಕಾದರೂ ನೋಡಿ. ಅಲ್ಲಿ ಜನ ಉತ್ತರದ ಬಗ್ಗೆ ಮಾತ್ರ ಜಗಳ ಆಡುವುದಿಲ್ಲ. ಸಮಸ್ಯೆ ಏನು ಅನ್ನುವುದರಲ್ಲೇ ಅವರಿಗೆ ಒಮ್ಮತ ಇರುವುದಿಲ್ಲ.

ಇಂಥ ಕಡೆ ಬಳಸಲೆಂದೇ ಮಾಡಿದ ಒಂದು ಚೆಕ್‌ಲಿಸ್ಟ್ ಇದೆ. ಅದರ ಹೆಸರು ಕ್ಯಾಟ್‌ವೋ. ಪೀಟರ್ ಚೆಕ್‌ಲ್ಯಾಂಡ್ ಎಂಬುವರು ಬ್ರಿಟನ್ನಿನ ಐಸಿಐ ರಾಸಾಯನಿಕ ಕಂಪನಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ, 1960ರ ದಶಕದ ಕೊನೆಗೆ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯ ಸೇರಿದರು. ಎಂಜಿನಿಯರಿಂಗಿನಲ್ಲಿ ಚೆನ್ನಾಗಿ ನಡೆಯುತ್ತಿದ್ದ ವಿಧಾನಗಳನ್ನು ಅವರ ತಂಡ ಕಂಪನಿಗಳ ಆಡಳಿತದ ಸಮಸ್ಯೆಗಳ ಮೇಲೆ ಪ್ರಯೋಗಿಸಿತು. ಅಲ್ಲಿ ಅವು ಕೈಕೊಟ್ಟವು. ಸೇತುವೆ ಕಟ್ಟುವಾಗ ಗುರಿ ಏನು ಅಂತ ಮೊದಲೇ ಗೊತ್ತಿರುತ್ತದೆ. ಸಂಸ್ಥೆಯಲ್ಲಿ ಆ ಗುರಿಯ ಬಗ್ಗೆಯೇ ತಕರಾರು. ಈ ಅನುಭವದಿಂದ ಸಾಫ್ಟ್ ಸಿಸ್ಟಮ್ಸ್ ಎಂಬ ವಿಧಾನ ಬೆಳೆಯಿತು. 1976ರಲ್ಲಿ ಡೇವಿಡ್ ಸ್ಮಿತ್ ಜೊತೆ ಸೇರಿ ಚೆಕ್‌ಲ್ಯಾಂಡ್ ಅದಕ್ಕೆ ಈ ಆರು ಅಕ್ಷರಗಳ ಚೆಕ್‌ಲಿಸ್ಟ್ ಜೋಡಿಸಿದರು.

ಆರು ಅಕ್ಷರ ಇವು:

ಸಿ, ಅಂದರೆ ಕಸ್ಟಮರ್ಸ್: ಈ ಕೆಲಸದ ಫಲ ಯಾರಿಗೆ? ಒಳ್ಳೆಯ ಫಲವೂ ಸೇರಿತು, ಕೆಟ್ಟ ಫಲವೂ ಸೇರಿತು.
ಎ, ಅಂದರೆ ಆ್ಯಕ್ಟರ್ಸ್: ಕೆಲಸ ಕೈಯಾರೆ ಮಾಡುವವರು ಯಾರು?
ಟಿ, ಅಂದರೆ ಟ್ರಾನ್ಸ್‌ಫರ್ಮೇಶನ್: ಯಾವುದು ಏನಾಗಿ ಬದಲಾಗುತ್ತದೆ?
ಡಬ್ಲ್ಯು, ಅಂದರೆ ವರ್ಲ್ಡ್‌ವ್ಯೂ: ಯಾರ ನೋಟದಿಂದ ನೋಡಿದರೆ ಈ ಬದಲಾವಣೆಗೆ ಅರ್ಥ ಇದೆ?
ಓ, ಅಂದರೆ ಓನರ್ಸ್: ಇದನ್ನು ನಿಲ್ಲಿಸುವ ಅಧಿಕಾರ ಯಾರಿಗಿದೆ?
ಇ, ಅಂದರೆ ಎನ್ವಿರಾನ್‌ಮೆಂಟ್: ನಾವು ಬದಲಾಯಿಸಲಾಗದ, ಹಾಗೇ ಒಪ್ಪಿಕೊಳ್ಳಬೇಕಾದ ಕಟ್ಟುಪಾಡುಗಳು ಯಾವುವು?

ಬಹಳ ಜನ ಇದನ್ನು ಅರ್ಜಿ ನಮೂನೆ ಥರ ಮೇಲಿಂದ ಕೆಳಗೆ ಒಂದು ಸಲ ತುಂಬಿ ಫೈಲಿಗೆ ಸೇರಿಸುತ್ತಾರೆ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಬಿಸಿನೆಸ್ ಅನಲಿಸ್ಟ್ ತರಬೇತಿ ಪಡೆದವರಿಗೆ ಈ ಹೆಸರು ಪರಿಚಯ ಇರಬಹುದು. ಅಲ್ಲೂ ಸಾಮಾನ್ಯವಾಗಿ ಒಂದು ಸ್ಲೈಡ್, ಆರು ಸಾಲು, ಅಷ್ಟಕ್ಕೇ ಮುಗೀತು. ಹಾಗೆ ತುಂಬಿದರೆ ಸುಮ್ನೆ ಕಾಲಹರಣ. ಕ್ಯಾಟ್‌ವೋವನ್ನು ಒಂದೇ ಸಮಸ್ಯೆಗೆ ಮೂರು ನಾಲ್ಕು ಸಲ ತುಂಬಬೇಕು. ಪ್ರತಿ ಸಲ ಬೇರೆಯವರ ನೋಟದಿಂದ. ಉಪಯೋಗ ಇರುವುದೇ ಅದರಲ್ಲಿ.

ಚೆಕ್‌ಲಿಸ್ಟ್ ಮುಟ್ಟುವ ಮೊದಲು: ಚಿತ್ರ ಬರೆಯಿರಿ

ದೊಡ್ಡ ಹಾಳೆ ತೆಗೆದುಕೊಳ್ಳಿ. ಕ್ಯಾಲೆಂಡರಿನ ಹಿಂಬದಿ ಆದರೂ ನಡೆಯುತ್ತದೆ. ನಡುವೆ ಡೇರಿ. ಸುತ್ತ ಹಾಲು ಹಾಕುವ ಮನೆಗಳು, ಕಾರ್ಯದರ್ಶಿ, ಹಾಲು ಪರೀಕ್ಷಕ, ಆಡಳಿತ ಮಂಡಳಿ, ಹಾಲು ಒಯ್ಯುವ ಟ್ಯಾಂಕರ್, ಒಕ್ಕೂಟ, ಬ್ಯಾಂಕು, ಖಾಸಗಿ ವ್ಯಾನು, ಪಶು ವೈದ್ಯರು. ಯಾರಿಂದ ಯಾರಿಗೆ ಹಾಲು, ದುಡ್ಡು, ಮಾಹಿತಿ ಹೋಗುತ್ತದೆ ಅಂತ ಬಾಣ ಎಳೆಯಿರಿ. ಮನಸ್ತಾಪ ಇರುವ ಕಡೆ ಅಡ್ಡಗೀಟು ಹಾಕಿ. ಯಾರು ಏನು ಗೊಣಗುತ್ತಾರೋ ಅದನ್ನು ಅವರ ಮಾತಿನಲ್ಲೇ ಪಕ್ಕದಲ್ಲಿ ಬರೆಯಿರಿ.

ಕೋಣೆಯಲ್ಲಿ ಕೂತು ಬರೆದರೆ ಇದು ಆಗುವುದಿಲ್ಲ. ಬೆಳಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು ಡೇರಿಯ ಮುಂದೆ ನಿಂತು ನೋಡಬೇಕು. ಯಾರು ಹಾಲು ತರುತ್ತಾರೆ? ಹೆಚ್ಚಾಗಿ ಹೆಂಗಸರು ಮತ್ತು ಮಕ್ಕಳು. ಷೇರು ಯಾರ ಹೆಸರಿನಲ್ಲಿದೆ? ಬಹಳ ಮನೆಗಳಲ್ಲಿ ಗಂಡಸರ ಹೆಸರಿನಲ್ಲಿ. ಸರ್ವ ಸದಸ್ಯರ ಸಭೆಗೆ ಬರುವವರು ಅವರೇ. ಅಂದರೆ ಹಸು ನೋಡಿಕೊಳ್ಳುವವರು ಒಬ್ಬರು, ಸಭೆಯಲ್ಲಿ ಮಾತಾಡುವವರು ಇನ್ನೊಬ್ಬರು. ಇಂಥ ವಿಷಯ ಬರೀ ಪಟ್ಟಿ ಬರೆದರೆ ತಪ್ಪಿಹೋಗುತ್ತದೆ. ಚಿತ್ರದಲ್ಲಿ ಎದ್ದು ಕಾಣುತ್ತದೆ.

ಈ ಹಂತದಲ್ಲಿ ಪರಿಹಾರದ ಮಾತು ಬೇಡ. ಯಾರಾದರೂ “ಹೊಸ ಮಷೀನ್ ತಂದರೆ ಎಲ್ಲ ಸರಿಹೋಗುತ್ತೆ” ಅಂದರೆ ಅದನ್ನೂ ಅವರ ಮಾತು ಅಂತಲೇ ಹಾಳೆಯಲ್ಲಿ ಬರೆದು ಮುಂದೆ ಹೋಗಿ.

ಮೊದಲು ಟಿ ಬರೆಯಿರಿ, ಸಿ ಅಲ್ಲ

ಅಕ್ಷರಗಳ ಕ್ರಮ ನೆನಪಿಟ್ಟುಕೊಳ್ಳಲು ಮಾತ್ರ. ಕೆಲಸ ಶುರುವಾಗುವುದು ಟಿಯಿಂದ.

ಟಿ ಬರೆಯುವುದು ಸುಲಭ ಅನ್ನಿಸುತ್ತದೆ. ಜಾಸ್ತಿ ಎಡವುವುದೂ ಇಲ್ಲೇ. “ಹಸು, ಮೇವು, ಕೂಲಿ, ದುಡ್ಡು ಒಳಗೆ ಹೋಗುತ್ತೆ, ಲಾಭ ಹೊರಗೆ ಬರುತ್ತೆ” ಅಂತ ಬರೆದರೆ ಅದು ಟಿ ಅಲ್ಲ. ಅದು ಬೇಕಾದ ಸಾಮಾನಿನ ಪಟ್ಟಿ. ಒಳಗೆ ಹೋದದ್ದೇ ರೂಪ ಬದಲಿಸಿ ಹೊರಗೆ ಬರಬೇಕು, ಅದೇ ನಿಯಮ. ಹೀಗೆ:

ಮನೆ ಮನೆಯಲ್ಲಿ ಕರೆದ ಹಾಲು → ಗುಣ ಅಳೆದು, ಬೆಲೆ ಕಟ್ಟಿ, ತಂಪು ಮಾಡಿದ ಹಾಲು.

ಇದು ಒಂದು ಟಿ. ಇನ್ನೊಂದು ನೋಡಿ:

ದಿನಾ ಕೈಗೆ ದುಡ್ಡು ಬರದ ರೈತ ಕುಟುಂಬ → ಬಟವಾಡೆ ತಪ್ಪದೆ ಸಿಗುವ ರೈತ ಕುಟುಂಬ.

ಮೂರನೆಯದು:

ತನ್ನ ಹಾಲಿನ ಬೆಲೆ ತಾನು ನಿರ್ಧರಿಸಲಾಗದ ಒಂಟಿ ಉತ್ಪಾದಕ → ಬೆಲೆಯ ವಿಚಾರದಲ್ಲಿ ದನಿ ಇರುವ ಸಂಘದ ಸದಸ್ಯ.

ಡೇರಿ ಒಂದೇ, ಟಿ ಮೂರು. ಮೊದಲನೆಯದರಲ್ಲಿ ಬದಲಾಗುವುದು ಹಾಲು. ಎರಡನೆಯದರಲ್ಲಿ ಕುಟುಂಬದ ಸ್ಥಿತಿ. ಮೂರನೆಯದರಲ್ಲಿ ಚೌಕಾಸಿಯ ಬಲ. ಕರ್ನಾಟಕದ ಡೇರಿಗಳು 1974ರ ನಂತರ ಗುಜರಾತಿನ ಆನಂದ್ ಮಾದರಿಯಲ್ಲಿ ಬೆಳೆದವು. ಹಳ್ಳಿಗೆ ಸಂಘ, ಅದರ ಮೇಲೆ ಒಕ್ಕೂಟ, ರಾಜ್ಯಕ್ಕೆ ಮಹಾಮಂಡಳ. ಆನಂದ್‌ನಲ್ಲಿ 1946ರಲ್ಲಿ ರೈತರು ಸಂಘ ಕಟ್ಟಿದ್ದು ಮೂರನೆಯ ಟಿಗಾಗಿ, ಬೆಲೆ ಕಟ್ಟುವುದು ವ್ಯಾಪಾರಿಯ ಕೈಯಲ್ಲಿದೆ ಅನ್ನುವ ಸಿಟ್ಟಿನಿಂದ. ಇವತ್ತು ಡೇರಿಯ ದಿನದ ಕೆಲಸ ಪೂರ್ತಿ ಮೊದಲನೆಯ ಟಿಯ ಸುತ್ತ ನಡೆಯುತ್ತದೆ. ಸಭೆಯಲ್ಲಿ ಜಗಳ ಯಾಕೆ ಮುಗಿಯುವುದಿಲ್ಲ ಅನ್ನುವುದಕ್ಕೆ ಅರ್ಧ ಉತ್ತರ ಇಲ್ಲೇ ಇದೆ. ಒಬ್ಬರು ಹಾಲಿನ ಬಗ್ಗೆ ಮಾತಾಡುತ್ತಿದ್ದಾರೆ, ಇನ್ನೊಬ್ಬರು ಹಕ್ಕಿನ ಬಗ್ಗೆ.

ಒಂದು ಸಲಕ್ಕೆ ಒಂದೇ ಟಿ ಇಟ್ಟುಕೊಳ್ಳಿ. ಮೂರನ್ನೂ ಒಂದೇ ವಾಕ್ಯದಲ್ಲಿ ತುರುಕಿದರೆ ಯಾವುದೂ ಸಿಗುವುದಿಲ್ಲ.

ಡಬ್ಲ್ಯು: ಯಾರ ಕಣ್ಣಿಂದ?

ಪ್ರತಿ ಟಿಯ ಹಿಂದೆ ಯಾರೂ ಬಾಯಿಬಿಟ್ಟು ಹೇಳದ ಒಂದು ನಂಬಿಕೆ ಇರುತ್ತದೆ. ಅದನ್ನು ಹೊರಗೆ ತೆಗೆಯಲು ಒಂದು ಪ್ರಶ್ನೆ ಸಾಕು: “ಈ ಟಿ ಒಳ್ಳೆಯದು ಅಂತ ಅನ್ನಿಸಬೇಕಾದರೆ, ಮನುಷ್ಯ ಏನನ್ನು ನಂಬಿರಬೇಕು?”

ಡೇರಿಗೆ ನಾಲ್ಕು ನೋಟ ಬರೆದು ನೋಡೋಣ.

ಒಕ್ಕೂಟದ ನೋಟ: ಗುಣಮಟ್ಟದ ಹಾಲು ಸಿಕ್ಕರೆ ಮಾತ್ರ ಮಾರುಕಟ್ಟೆಯಲ್ಲಿ ನಿಲ್ಲಬಹುದು. ಅಲ್ಲಿ ನಿಂತರೆ ಮಾತ್ರ ರೈತರಿಗೆ ಬೆಲೆ ಕೊಡಬಹುದು. ಹಾಗಾಗಿ ಅಳತೆ ಕಟ್ಟುನಿಟ್ಟಾಗಿರಬೇಕು.

ಹಾಲು ಹಾಕುವ ಮನೆಯವಳ ನೋಟ: ಹಸು ನನ್ನ ಮನೆಯ ಆದಾಯ. ಸಂಘ ನಮ್ಮದು, ಕಷ್ಟಕಾಲಕ್ಕೆ ಆಗಬೇಕು. ದಿನಾ ಅದೇ ಹಸು, ಅದೇ ಮೇವು. ಚೀಟಿಯಲ್ಲಿ ಮಾತ್ರ ದಿನಕ್ಕೊಂದು ಅಂಕಿ. ಅಂದರೆ ಎಲ್ಲೋ ಮೋಸ ಇದೆ.

ಕಾರ್ಯದರ್ಶಿಯ ನೋಟ: ಬೆಳಗ್ಗೆಯೂ ಸಂಜೆಯೂ ವರ್ಷವಿಡೀ ರಜೆ ಇಲ್ಲದೆ ದುಡಿಯುತ್ತೇನೆ. ಒಕ್ಕೂಟ ಒಂದು ಲೆಕ್ಕ ಹೇಳುತ್ತದೆ, ಊರು ಇನ್ನೊಂದು ಲೆಕ್ಕ. ನಡುವೆ ಬೈಸಿಕೊಳ್ಳುವವನು ನಾನು.

ಖಾಸಗಿ ವ್ಯಾನಿನವರ ನೋಟ: ರೈತನಿಗೆ ಬೇಕಾಗಿರುವುದು ತಲೆನೋವಿಲ್ಲದ ವ್ಯಾಪಾರ. ಮನೆ ಬಾಗಿಲಿಗೆ ಹೋಗಿ ಕೈಗೆ ಕಾಸು ಕೊಟ್ಟರೆ ಫ್ಯಾಟಿನ ಚರ್ಚೆಯೇ ಬರುವುದಿಲ್ಲ.

ಎದುರಾಳಿಯ ನೋಟ ಬರೆಯುವುದಕ್ಕೆ ಬಹಳ ಜನರಿಗೆ ಮನಸ್ಸೇ ಬರುವುದಿಲ್ಲ. ಆದರೆ ಜಾಸ್ತಿ ಕಲಿಸುವುದು ಅದೇ. ಬರೆಯುವಾಗ ವ್ಯಂಗ್ಯ ಬೇಡ. ಆ ಮನುಷ್ಯ ಓದಿದರೆ “ಹೌದು, ನಾನು ಹೇಳೋದೂ ಇದನ್ನೇ” ಅನ್ನಬೇಕು. ಹಾಗೆ ಬರದಿದ್ದರೆ ಮತ್ತೆ ಬರೆಯಿರಿ.

ಇಲ್ಲೊಂದು ಮಾತು ಹೇಳಲೇಬೇಕು. ಬೇರೆಯವರ ನೋಟವನ್ನು ಒಪ್ಪಬೇಕಾಗಿಲ್ಲ, ಆದರೆ ಅದನ್ನು ಹಿಡಿದು ವಾಸ್ತವವನ್ನು ಪರೀಕ್ಷಿಸಬೇಕು. ಮನೆಯವಳ ಮಾತನ್ನೇ ತೆಗೆದುಕೊಳ್ಳಿ. ಅದೇ ಹಸುವಿನ ಹಾಲಿನಲ್ಲಿ ಅಂಕಿ ಏರಿಳಿಯುವುದಕ್ಕೆ ಮೋಸ ಇಲ್ಲದೆಯೂ ಕಾರಣಗಳಿವೆ. ಕರೆಯುವಾಗ ಕೊನೆಗೆ ಬರುವ ಹಾಲಿನಲ್ಲಿ ಜಿಡ್ಡು ಜಾಸ್ತಿ, ಪೂರ್ತಿ ಕರೆಯದಿದ್ದರೆ ಫ್ಯಾಟು ಇಳಿಯುತ್ತದೆ. ಒಂದು ಕರಾವಿಗೂ ಇನ್ನೊಂದಕ್ಕೂ ನಡುವೆ ಅಂತರ ಕಡಿಮೆ ಇದ್ದರೆ ಹಾಲು ಕಡಿಮೆ, ಫ್ಯಾಟು ಜಾಸ್ತಿ. ಬೇಸಿಗೆಯ ಬಿಸಿಲು, ಹಸಿ ಮೇವಿನ ಕೊರತೆ, ಕೆಚ್ಚಲು ಬಾವು, ಎಲ್ಲವೂ ಎಸ್‌ಎನ್‌ಎಫ್ ಅನ್ನು, ಅಂದರೆ ಹಾಲಿನಲ್ಲಿ ಜಿಡ್ಡು ಬಿಟ್ಟು ಉಳಿದ ಘನಾಂಶವನ್ನು, ಕೆಡಿಸುತ್ತವೆ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ತಳಿಯ ಹಸು ಜಾಸ್ತಿ ಹಾಲು ಕೊಡುತ್ತದೆ, ಜಿಡ್ಡು ಜೆರ್ಸಿಗಿಂತ ಕಡಿಮೆ. ಕ್ಯಾನಿನಲ್ಲಿ ಕೆನೆ ಮೇಲೆ ನಿಂತಿದ್ದಾಗ ಕಲಕದೆ ಸ್ಯಾಂಪಲ್ ತೆಗೆದರೆ ಅಂಕಿ ತಪ್ಪುತ್ತದೆ.

ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಆಗತಾನೇ ಕರೆದ ಹಾಲಿನ ಸಾಂದ್ರತೆ, ಕೆಲವು ಗಂಟೆ ಕಳೆದ ಅದೇ ಹಾಲಿಗಿಂತ ಸ್ವಲ್ಪ ಕಡಿಮೆ ಇರುತ್ತದೆ. ಸಾಂದ್ರತೆ ನೋಡಿ ನೀರು ಬೆರೆತಿದೆಯಾ ಅಂತ ಹೇಳುವ ಲ್ಯಾಕ್ಟೋಮೀಟರ್ ಬಿಸಿ ಹಾಲಿನಲ್ಲಿ ಜಾಸ್ತಿ ಮುಳುಗುತ್ತದೆ, ಹಾಗಾಗಿ ಓದಿದ ಅಂಕಿಯನ್ನು ಹಾಲಿನ ಉಷ್ಣಾಂಶಕ್ಕೆ ತಕ್ಕಂತೆ ಸರಿಪಡಿಸಬೇಕು. ಅಂದರೆ ಡೇರಿಯ ಪಕ್ಕದ ಮನೆಯವಳು ಕರೆದ ತಕ್ಷಣ ಬಿಸಿ ಬಿಸಿ ಹಾಲು ತಂದರೆ, ನೀರು ಹಾಕದೆಯೂ ಲ್ಯಾಕ್ಟೋಮೀಟರ್ ಅವಳ ಮೇಲೆ ಅನುಮಾನ ಪಡಬಹುದು! ಕಾರ್ಯದರ್ಶಿಗೂ ಮನೆಯವಳಿಗೂ ಇದು ಗೊತ್ತಿದ್ದರೆ ಒಂದಷ್ಟು ಜಗಳ ಹುಟ್ಟುವುದೇ ಇಲ್ಲ. ಹಾಗಂತ ನೀರು ಬೆರೆಸುವವರೇ ಇಲ್ಲ ಅಂತಲ್ಲ.

ಉಳಿದ ನಾಲ್ಕು

ಟಿ ಮತ್ತು ಡಬ್ಲ್ಯು ಗಟ್ಟಿಯಾದರೆ ಉಳಿದವು ಬೇಗ ತುಂಬುತ್ತವೆ.

ಸಿಯಲ್ಲಿ ಗಮನಿಸಬೇಕಾದದ್ದು ಪೆಟ್ಟು ತಿನ್ನುವವರನ್ನು. ದಿನಕ್ಕೆ ಎರಡು ಮೂರು ಲೀಟರ್ ಹಾಕುವ ಚಿಕ್ಕ ಮನೆಗಳಿಗೆ ಒಂದು ಹೊತ್ತಿನ ಹಾಲು ವಾಪಸಾದರೂ ಹೊಡೆತ. ಹತ್ತು ಹಸು ಇಟ್ಟವರಿಗೆ ಅಷ್ಟಿಲ್ಲ. ಹಾಲು ಕುಡಿಯುವ ಪಟ್ಟಣದ ಮಗುವೂ ಸಿಯೊಳಗೇ ಬರುತ್ತದೆ.

ಎಯಲ್ಲಿ ಹುದ್ದೆ ಬರೆಯಬೇಡಿ. ಕೆಲಸ ನಿಜವಾಗಿ ಮಾಡುವವರನ್ನು ಬರೆಯಿರಿ. ಕಾಗದದಲ್ಲಿ ಪರೀಕ್ಷಕ ಅಂತ ಒಬ್ಬರಿರಬಹುದು, ಸಂಜೆ ಹೊತ್ತು ಸ್ಯಾಂಪಲ್ ತೆಗೆಯುವುದು ಇನ್ಯಾರೋ.

ಓ ಬಗ್ಗೆ ಹುಷಾರು. ಸಹಕಾರ ಸಂಘದಲ್ಲಿ ಯಜಮಾನರು ಯಾರು? ಸದಸ್ಯರು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಚೆಕ್‌ಲಿಸ್ಟ್ ಕೇಳುವುದು “ಇದನ್ನು ನಿಲ್ಲಿಸಬಲ್ಲವರು ಯಾರು?” ಅಂತ. ಮೊದಲನೆಯ ಟಿಯನ್ನು ಒಕ್ಕೂಟ ಒಂದು ದಿನ ಟ್ಯಾಂಕರ್ ಕಳಿಸದಿದ್ದರೆ ನಿಲ್ಲಿಸಬಹುದು. ಹಾಲು ಹಾಕುವವರೆಲ್ಲ ವ್ಯಾನಿಗೆ ಹಾಕಿದರೂ ನಿಲ್ಲುತ್ತದೆ. ಮೂರನೆಯ ಟಿಗೆ ಆಡಳಿತ ಮಂಡಳಿಯೇ ಅಡ್ಡಗಾಲು ಹಾಕಬಹುದು. ಟಿ ಬದಲಾದರೆ ಓ ಬದಲಾಗುತ್ತದೆ. ಸಭೆಯಲ್ಲಿ ಇದನ್ನು ಗಟ್ಟಿಯಾಗಿ ಓದಿದಾಗ ಒಂದಿಬ್ಬರಿಗೆ ಮುಜುಗರ ಆಗಬಹುದು. ಆಗಲಿ.

ಇಯಲ್ಲಿ ಬರುವವು: 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, ಒಕ್ಕೂಟದ ದರಪಟ್ಟಿ, ಕರೆಂಟು ಹೋಗುವ ಹೊತ್ತು, ಮಳೆ, ಮೇವಿನ ಬೆಲೆ, ಸಂಘಕ್ಕೆ ಹಾಲು ಹಾಕುವವರಿಗೆ ಸರ್ಕಾರ ಲೀಟರಿಗೆ ಇಷ್ಟು ಅಂತ ಕೊಡುವ ಪ್ರೋತ್ಸಾಹಧನ. ಇಲ್ಲಿಗೆ ಎಲ್ಲವನ್ನೂ ತಳ್ಳಿ ಕೈತೊಳೆದುಕೊಳ್ಳುವ ಚಾಳಿ ನಮ್ಮಲ್ಲಿ ಜಾಸ್ತಿ. “ಒಕ್ಕೂಟದವರು ಹಾಗೆ, ನಾವೇನು ಮಾಡೋಕಾಗುತ್ತೆ?” ಹಾಗಾಗಿ ಇಯಲ್ಲಿ ಬರೆದ ಒಂದೊಂದಕ್ಕೂ ಕೇಳಿ: ಇದು ನಿಜಕ್ಕೂ ಬದಲಾಗದ್ದೋ, ನಾವು ಕೇಳಿಯೇ ನೋಡಿಲ್ಲವೋ? ಟ್ಯಾಂಕರ್ ಬರುವ ಸಮಯ ಬಹಳ ಸಲ ಎರಡನೆಯ ಗುಂಪಿಗೆ ಸೇರುತ್ತದೆ.

ಎಲ್ಲ ಸೇರಿಸಿ ಒಂದು ವಾಕ್ಯ

ಈಗ ಪ್ರತಿ ನೋಟಕ್ಕೂ ಒಂದು ವಾಕ್ಯ ಕಟ್ಟಿ. ಅಚ್ಚು ಸರಳ: ಏನು ಮಾಡುವುದು, ಹೇಗೆ ಮಾಡುವುದು, ಯಾಕೆ ಮಾಡುವುದು.

ಒಕ್ಕೂಟದ ನೋಟಕ್ಕೆ: “ಮನೆಗಳಲ್ಲಿ ಕರೆದ ಹಾಲನ್ನು, ಕಾರ್ಯದರ್ಶಿ ಮತ್ತು ಪರೀಕ್ಷಕರ ಮೂಲಕ ದಿನಕ್ಕೆರಡು ಸಲ ಸಂಗ್ರಹಿಸಿ, ಅಳೆದು, ತಂಪು ಮಾಡಿ ಒಕ್ಕೂಟಕ್ಕೆ ಕಳಿಸುವ ವ್ಯವಸ್ಥೆ, ಮಾರುಕಟ್ಟೆಯಲ್ಲಿ ನಿಲ್ಲುವಂಥ ಹಾಲು ಸಿಗಲಿ ಎಂದು.”

ಮನೆಯವಳ ನೋಟಕ್ಕೆ: “ಹಾಲು ಹಾಕುವ ಕುಟುಂಬಕ್ಕೆ, ತನ್ನ ಕಣ್ಣೆದುರೇ ಅಳತೆಯಾಗಿ, ಅರ್ಥವಾಗುವ ಚೀಟಿಯೊಂದಿಗೆ, ತಪ್ಪದೆ ಬಟವಾಡೆ ಸಿಗುವಂತೆ ಸಂಘದ ಮೂಲಕ ಮಾಡುವ ವ್ಯವಸ್ಥೆ, ಮನೆಯ ಖರ್ಚು ನಂಬಿಕೆಯಿಂದ ನಡೆಯಲಿ ಎಂದು.”

ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ. ಎರಡನೆಯದರಲ್ಲಿ “ಕಣ್ಣೆದುರೇ”, “ಅರ್ಥವಾಗುವ” ಅನ್ನುವ ಮಾತುಗಳಿವೆ. ಮೊದಲನೆಯದರಲ್ಲಿ ಅವುಗಳ ಸುಳಿವೇ ಇಲ್ಲ. ವಾಕ್ಯ ಬರೆದ ಮೇಲೆ ಆರೂ ಅಕ್ಷರ ಅದರಲ್ಲಿ ಇವೆಯಾ ಅಂತ ಒಮ್ಮೆ ತಾಳೆ ನೋಡಿ. ಯಾವುದಾದರೂ ವಾಕ್ಯದಲ್ಲಿ ಹೇಳದೆ ಉಳಿದಿದ್ದರೆ, ಅದನ್ನು ಬೇಕಂತಲೇ ಬಿಟ್ಟದ್ದೋ ಮರೆತದ್ದೋ ಅಂತ ಕೇಳಿಕೊಳ್ಳಿ.

ವಾಕ್ಯದಿಂದ ಕೆಲಸಗಳ ಸರಣಿ

ಒಂದು ವಾಕ್ಯ ಆರಿಸಿಕೊಳ್ಳಿ. ಅದರಂತೆ ನಡೆಯಬೇಕಾದರೆ ಏನೇನು ಕೆಲಸ ಆಗಲೇಬೇಕು? ಐದರಿಂದ ಒಂಬತ್ತರ ಒಳಗೆ ಬರೆಯಿರಿ. ಪ್ರತಿಯೊಂದೂ ಒಂದು ಕ್ರಿಯೆ ಆಗಿರಲಿ. “ಪಾರದರ್ಶಕತೆ” ಅಂತ ಬರೆದರೆ ಪ್ರಯೋಜನ ಇಲ್ಲ. ಮನೆಯವಳ ವಾಕ್ಯಕ್ಕೆ ಹೀಗೆ ಬರಬಹುದು:

ಪರೀಕ್ಷೆಯ ಉಪಕರಣ ತೊಳೆದು, ಗೊತ್ತಿರುವ ಸ್ಯಾಂಪಲ್ ಹಾಕಿ ಸರಿ ತೋರಿಸುತ್ತದಾ ಅಂತ ನೋಡುವುದು.
ಹಾಲು ಕಲಕಿ, ತಂದವರ ಎದುರೇ ಸ್ಯಾಂಪಲ್ ತೆಗೆಯುವುದು.
ಅಂಕಿ ತೋರಿಸಿ ಚೀಟಿ ಕೊಡುವುದು.
ತಕರಾರು ಬಂದರೆ ಮತ್ತೊಮ್ಮೆ ಪರೀಕ್ಷಿಸುವುದು.
ಪದೇ ಪದೇ ಅಂಕಿ ಇಳಿಯುವ ಮನೆಗೆ ಹೋಗಿ ಕಾರಣ ಹುಡುಕುವುದು.
ಹೇಳಿದ ದಿನ ಬಟವಾಡೆ ಮಾಡುವುದು.
ಇವೆಲ್ಲ ನಡೆಯುತ್ತಿವೆಯಾ ಅಂತ ನೋಡಿ ಸರಿಪಡಿಸುವುದು.

ಕೊನೆಯದನ್ನು ಬಿಡಬೇಡಿ. ಚೆಕ್‌ಲ್ಯಾಂಡ್ ವಿಧಾನದಲ್ಲಿ ನಿಗಾ ಇಡುವುದೂ ವ್ಯವಸ್ಥೆಯ ಒಂದು ಭಾಗವೇ. ಅದಕ್ಕೆ ಅವರು ಮೂರು ಅಳತೆಗೋಲು ಹೇಳುತ್ತಾರೆ. ಕೆಲಸ ಆಗುತ್ತಿದೆಯಾ? ಕಡಿಮೆ ಖರ್ಚು, ಕಡಿಮೆ ಶ್ರಮದಲ್ಲಿ ಆಗುತ್ತಿದೆಯಾ? ದೊಡ್ಡ ಉದ್ದೇಶಕ್ಕೆ ನಿಜಕ್ಕೂ ನೆರವಾಗುತ್ತಿದೆಯಾ? ಈ ಮೂರು ಬೇರೆ ಬೇರೆ. ಚೀಟಿ ದಿನಾ ಪ್ರಿಂಟ್ ಆಗುತ್ತಿರಬಹುದು, ಖರ್ಚೂ ಕಡಿಮೆ ಇರಬಹುದು. ಓದಲು ಬಾರದವರಿಗೆ ಅದು ಬರೀ ಕಾಗದವಾದರೆ ಮೂರನೆಯ ಅಳತೆಯಲ್ಲಿ ಫೇಲು.

ಹೋಲಿಸಿ ನೋಡುವುದು

ಈ ಸರಣಿ ಡೇರಿಯ ನಕ್ಷೆ ಅಲ್ಲ, ಡೇರಿ ಹೀಗೇ ಇರಬೇಕು ಅನ್ನುವ ಆಜ್ಞೆಯೂ ಅಲ್ಲ. ಪ್ರಶ್ನೆ ಕೇಳಲು ಒಂದು ಸಾಧನ. ಪ್ರತಿ ಕೆಲಸದ ಮುಂದೆ ನಾಲ್ಕು ಕಾಲಂ ಹಾಕಿ: ಈಗ ನಡೆಯುತ್ತಿದೆಯಾ, ಯಾರು ಮಾಡುತ್ತಾರೆ, ಚೆನ್ನಾಗಿ ನಡೆಯುತ್ತಿದೆ ಅಂತ ಹೇಗೆ ಗೊತ್ತು, ಯಾರಿಗೆ ಇದರಿಂದ ತೊಂದರೆ.

ಮೂರನೆಯ ಕಾಲಂ ಬಹುತೇಕ ಖಾಲಿ ಉಳಿಯುತ್ತದೆ. ಉಪಕರಣ ಕೊನೆಗೆ ಯಾವಾಗ ಸರಿ ನೋಡಿದ್ದು ಅಂತ ಕೇಳಿದರೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ನಾಲ್ಕನೆಯ ಕಾಲಂನಲ್ಲಿ ಕಾರ್ಯದರ್ಶಿಯ ನೋಟ ಎದ್ದು ಬರುತ್ತದೆ. ಪ್ರತಿ ತಕರಾರಿಗೂ ಮರುಪರೀಕ್ಷೆ ಮಾಡಿದರೆ ಸಾಲು ಉದ್ದವಾಗುತ್ತದೆ, ಟ್ಯಾಂಕರ್ ಬರುವ ಹೊತ್ತಿಗೆ ಹಾಲು ಸಿದ್ಧ ಇರುವುದಿಲ್ಲ. ಈಗ ಮಾತು “ಮೋಸ” ಬಿಟ್ಟು “ಸಮಯ” ಕಡೆಗೆ ತಿರುಗುತ್ತದೆ. ಸಮಯದ ಬಗ್ಗೆ ಕೂತು ಮಾತಾಡಬಹುದು, ಅಲ್ವಾ? ಮೋಸದ ಬಗ್ಗೆ ಬರೀ ಕೂಗಾಡಬಹುದು.

ಏನು ಬದಲಾಯಿಸಬೇಕು ಅಂತ ಆರಿಸುವಾಗ

ಎರಡು ಜರಡಿ ಹಿಡಿಯಿರಿ. ಒಂದು, ನಾವು ಮಾಡಿದ ವಿಶ್ಲೇಷಣೆಯ ಪ್ರಕಾರ ಈ ಬದಲಾವಣೆ ಬೇಕಾ? ಎರಡು, ಈ ಊರಿನಲ್ಲಿ, ಈ ಜನರ ನಡುವೆ ಇದು ನಡೆಯುತ್ತದಾ? ಎರಡರಲ್ಲೂ ಪಾಸಾದದ್ದನ್ನು ಮಾತ್ರ ಕೈಗೆತ್ತಿಕೊಳ್ಳಿ.

ಪ್ರತಿ ಮನೆಯ ಹಾಲನ್ನೂ ಎರಡೆರಡು ಸಲ ಪರೀಕ್ಷಿಸುವುದು ಮೊದಲ ಜರಡಿ ದಾಟಬಹುದು, ಎರಡನೆಯದನ್ನು ದಾಟುವುದಿಲ್ಲ. ನೀರು ಬೆರೆಸಿದವರ ಹೆಸರನ್ನು ಬೋರ್ಡಿನಲ್ಲಿ ಬರೆಯುವ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ಅಳತೆಯ ಮೇಲೇ ನಂಬಿಕೆ ಇಲ್ಲದ ಊರಿನಲ್ಲಿ ಅದು ಬೆಂಕಿ ಹಚ್ಚುವ ಕೆಲಸ. ವಾರಕ್ಕೊಂದು ದಿನ ಇಬ್ಬರು ಹಾಲು ಹಾಕುವವರನ್ನೇ ಕೂರಿಸಿಕೊಂಡು ಉಪಕರಣ ಸರಿ ನೋಡುವುದು ಎರಡನ್ನೂ ದಾಟುತ್ತದೆ. ಖರ್ಚಿಲ್ಲ, ಯಾರ ಮಾನವೂ ಹೋಗುವುದಿಲ್ಲ. ಆ ಇಬ್ಬರಲ್ಲಿ ಒಬ್ಬರಾದರೂ ಹಸು ಕರೆಯುವ ಹೆಂಗಸಾಗಿರಲಿ. ಅವರ ಮಾತು ಮನೆ ಮನೆಗೆ ಮುಟ್ಟುವಷ್ಟು ನೋಟಿಸ್ ಬೋರ್ಡ್ ಮುಟ್ಟುವುದಿಲ್ಲ.

ಸಭೆ ನಡೆಸುವವರಿಗೆ ಕೆಲವು ಮಾತು

ಆರರಿಂದ ಹತ್ತು ಜನ ಸಾಕು. ಅಧ್ಯಕ್ಷರು ಮೊದಲು ಮಾತಾಡಿದರೆ ಉಳಿದವರು ಅದಕ್ಕೇ ತಲೆಯಾಡಿಸುತ್ತಾರೆ, ಹಾಗಾಗಿ ಅವರಿಗೆ ಕೊನೆಯ ಸರದಿ ಕೊಡಿ. ಇದನ್ನು ಅವರಿಗೆ ಮೊದಲೇ ಖಾಸಗಿಯಾಗಿ ಹೇಳಿಡಿ, ಸಭೆಯಲ್ಲಿ ಹೇಳಿದರೆ ಮುನಿಸು ಬರುತ್ತದೆ. “ಡಬ್ಲ್ಯು”, “ಕ್ಯಾಟ್‌ವೋ” ಅನ್ನುವ ಹೆಸರುಗಳನ್ನು ಎತ್ತಲೇಬೇಡಿ. ಪ್ರಶ್ನೆಗಳನ್ನು ಮಾತ್ರ ಕೇಳಿ. ಚಿತ್ರ ಮತ್ತು ಟಿ ಒಂದು ಸಭೆಗೆ, ಉಳಿದದ್ದು ಇನ್ನೊಂದಕ್ಕೆ ಇಟ್ಟುಕೊಂಡರೆ ಉಸಿರಾಡಲು ಜಾಗ ಇರುತ್ತದೆ. ನಡುವಿನ ದಿನಗಳಲ್ಲಿ ಸಭೆಗೆ ಬರಲಾಗದವರ ಮನೆಗೆ ಹೋಗಿ ಅವರ ನೋಟ ಬರೆದುಕೊಂಡು ಬನ್ನಿ.

ಎಲ್ಲದಕ್ಕೂ ಈ ವಿಧಾನ ಬೇಡ. ಉಪಕರಣ ಕೆಟ್ಟಿದೆ ಅಂತ ಎಲ್ಲರೂ ಒಪ್ಪಿದ್ದರೆ ರಿಪೇರಿಯವರಿಗೆ ಫೋನ್ ಮಾಡಿ, ಚಿತ್ರ ಬರೆಯುತ್ತಾ ಕೂರಬೇಡಿ. ದುಡ್ಡು ತಿಂದದ್ದಕ್ಕೆ ಸಾಕ್ಷಿ ಇದ್ದರೆ ಅದು ಲೆಕ್ಕ ಪರಿಶೋಧಕರ ಕೆಲಸ, ನೋಟಗಳ ಚರ್ಚೆ ಅಲ್ಲ. ಈ ವಿಧಾನಕ್ಕೆ ಒಂದು ಮಿತಿಯೂ ಇದೆ. ಬಲ ಇರುವವರು ಬದಲಾಗಲೇಬಾರದು ಅಂತ ಹಟ ಹಿಡಿದಿದ್ದರೆ ಆರು ಪ್ರಶ್ನೆ ಅವರನ್ನು ಅಲುಗಾಡಿಸುವುದಿಲ್ಲ. ಸಾಫ್ಟ್ ಸಿಸ್ಟಮ್ಸ್ ಬಗ್ಗೆ ಟೀಕಾಕಾರರು ಹಿಂದಿನಿಂದಲೂ ಎತ್ತುತ್ತಿರುವ ತಕರಾರು ಇದೇ, ಅದರಲ್ಲಿ ಹುರುಳಿದೆ. ಅಂಥ ಕಡೆ ಓ ಕಾಲಂ ತುಂಬಿದ ಹಾಳೆ ಹಿಡಿದು ಸರ್ವ ಸದಸ್ಯರ ಸಭೆಗೆ ಹೋಗಿ, ನಡಾವಳಿಯಲ್ಲಿ ದಾಖಲಾಗುವಂತೆ ಪ್ರಶ್ನೆ ಕೇಳುವುದೇ ದಾರಿ.

ಬದಲಾವಣೆ ಶುರು ಮಾಡಿದ ಒಂದೆರಡು ತಿಂಗಳಿಗೆ ಅದೇ ಹಾಳೆಗಳನ್ನು ಮತ್ತೆ ಹರಡಿ. ಈ ಸಲ ಚಿತ್ರದಿಂದ ಶುರು ಮಾಡಬೇಕಿಲ್ಲ. ನಾಲ್ಕು ನೋಟಗಳನ್ನು ಆಯಾ ಜನರ ಮುಂದೆ ಓದಿ, ಯಾವ ಸಾಲು ಈಗ ನಿಜವಲ್ಲವೋ ಅದನ್ನು ಅವರ ಕೈಯಲ್ಲೇ ಹೊಡೆದುಹಾಕಿಸಿ. ಹೊಸ ಸಾಲು ಸೇರಿದರೆ ಅಲ್ಲಿಂದ ಮುಂದಿನ ಟಿ ಶುರು.